ಮೊಗಲ್ ಭಾವಚಿತ್ರಗಳು ಮತ್ತು ಬಾದಶಹರ ಗಿಡುಗಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮೊಗಲ್ ಚಿತ್ರ ಕಂಡಾಗ ನಾವು ಮೊದಲು ಮುಖ ನೋಡುತ್ತೇವೆ, ಆಮೇಲೆ ಒಡವೆ, ಆಮೇಲೆ ಬಟ್ಟೆಯ ಮೇಲಿನ ಹೂವು. ಕೈ ಮೇಲೆ ಕೂತಿರುವ ಹಕ್ಕಿಯ ಹತ್ತಿರ ಬರುವಷ್ಟರಲ್ಲಿ ಮುಂದಿನ ಚಿತ್ರಕ್ಕೆ ಹೋಗಿರುತ್ತೇವೆ. ಆದರೆ ಅಕ್ಬರ್ ಮತ್ತು ಜಹಾಂಗೀರರ ಕಾಲದ ಒಳ್ಳೆಯ ಚಿತ್ರಗಳಲ್ಲಿ ಆ ಹಕ್ಕಿಯೂ ಒಂದು ಭಾವಚಿತ್ರವೇ. ಅದಕ್ಕೂ ವಯಸ್ಸಿದೆ, ಜಾತಿಯಿದೆ, ಬೆಲೆಯಿದೆ, ಕೆಲವು ಸಲ ಅದರದೇ ಕಥೆಯೂ ಇದೆ. ಈ ವಿಷಯದಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇನೆ.

ಆ ರಾಜರ ಕೈ ಮೇಲೆ ಕೂತಿರುವುದು ಹದ್ದಾ?

ಅಲ್ಲ. ಹೆಚ್ಚಿನ ಚಿತ್ರಗಳಲ್ಲಿ ಇರುವುದು ಗಿಡುಗ ಅಥವಾ ಡೇಗೆ. ಎಲ್ಲವನ್ನೂ ಒಂದೇ ಎಂದುಕೊಳ್ಳುವುದು ಬೇಡ. ಪಳಗಿಸುವವರು ಇವನ್ನು ಎರಡು ಗುಂಪು ಮಾಡುತ್ತಿದ್ದರು: ಹಳದಿ ಕಣ್ಣಿನವು (ಗಿಡುಗಗಳು), ಕಪ್ಪು ಕಣ್ಣಿನವು (ಡೇಗೆಗಳು).

ಹಳದಿ ಕಣ್ಣಿನ ಗುಂಪಿನಲ್ಲಿ ಬಾಜ್, ಬಾಶಾ, ಶಿಕ್ರಾ ಬರುತ್ತವೆ. ಇವುಗಳ ರೆಕ್ಕೆ ಗಿಡ್ಡ, ಬಾಲ ಉದ್ದ. ಮರಗಳ ನಡುವೆ ನುಗ್ಗಿ ಹೋಗುವ ಹಕ್ಕಿಗಳಿವು. ಕೈಯಿಂದ ನೇರ ಹಾರಿಸಿದರೆ ಸ್ವಲ್ಪ ದೂರದಲ್ಲೇ ಕೌಜುಗವನ್ನೋ ಮೊಲವನ್ನೋ ಹಿಡಿಯುತ್ತವೆ. ಕಪ್ಪು ಕಣ್ಣಿನ ಗುಂಪಿನಲ್ಲಿ ಶಾಹೀನ್, ಬಹ್ರಿ, ಚರಗ್, ಲಗ್ಗರ್, ಶುಂಕಾರ್. ಇವುಗಳ ರೆಕ್ಕೆ ಉದ್ದ, ತುದಿ ಚೂಪು. ಇವಕ್ಕೆ ಬಯಲು ಬೇಕು. ಬಹ್ರಿ ಮೇಲೆ ಮೇಲೆ ಏರಿ, ಅಲ್ಲಿಂದ ರೆಕ್ಕೆ ಮಡಚಿ ಕೆಳಗೆ ಎರಗುವಾಗ ಗಂಟೆಗೆ 300 ಕಿ.ಮೀ. ವೇಗ ದಾಟುತ್ತದೆ.

ಹಾಗಾಗಿ ಚಿತ್ರ ದೊಡ್ಡದು ಮಾಡಿ ನೋಡುವಾಗ ಮೊದಲು ಕಣ್ಣು ನೋಡಿ. ಪಾಪೆಯ ಸುತ್ತ ಹಳದಿಯೋ ಕಿತ್ತಳೆಯೋ ಕಂಡರೆ ಬಾಜ್ ಕಡೆಯದು. ಕಣ್ಣು ಪೂರ್ತಿ ಕಪ್ಪಾಗಿ, ಅದರ ಕೆಳಗೆ ಕೆನ್ನೆ ಮೇಲೆ ಮೀಸೆಯಂಥ ಕಪ್ಪು ಪಟ್ಟೆ ಇಳಿದಿದ್ದರೆ ಶಾಹೀನ್ ಅಥವಾ ಬಹ್ರಿ. ಕಲಾವಿದ ಈ ವ್ಯತ್ಯಾಸ ತೋರಿಸದೆ ಸುಮ್ನೆ ಒಂದು ಹಕ್ಕಿ ಬರೆದಿದ್ದರೆ ಅದು ಬಹುಮಟ್ಟಿಗೆ ನಂತರದ ಕಾಲದ ನಕಲು ಅಥವಾ ಅವಸರದ ಕೆಲಸ ಎಂಬುದು ನನ್ನ ಅಭಿಪ್ರಾಯ.

ಹಕ್ಕಿಯ ವಯಸ್ಸೂ ಗೊತ್ತಾಗುತ್ತದಾ?

ಗೊತ್ತಾಗುತ್ತದೆ. ಎದೆ ನೋಡಿ. ಮರಿ ಬಾಜ್‌ನ ಎದೆ ಮೇಲೆ ಕಂದು ಗೆರೆಗಳು ಮೇಲಿಂದ ಕೆಳಕ್ಕೆ, ಕಣ್ಣೀರು ಜಾರಿದ ಹಾಗೆ ಇಳಿದಿರುತ್ತವೆ. ಒಂದು ಸಲ ಗರಿ ಉದುರಿ ಹೊಸದು ಬಂದ ಮೇಲೆ ಅದೇ ಎದೆ ಮೇಲೆ ಅಡ್ಡ ಪಟ್ಟೆಗಳು ಬರುತ್ತವೆ. ಕಣ್ಣು ಕೂಡ ವರ್ಷ ಕಳೆದಂತೆ ಹಳದಿಯಿಂದ ಕಿತ್ತಳೆಗೆ, ಕೆಲವಕ್ಕೆ ಕೆಂಪಿಗೆ ತಿರುಗುತ್ತದೆ. ಬಹ್ರಿಗೂ ಹಾಗೆಯೇ, ಮರಿಯಲ್ಲಿ ಉದ್ದ ಗೆರೆ, ಬೆಳೆದದ್ದರಲ್ಲಿ ಅಡ್ಡ ಗೆರೆ. ಆಗಿನ ದರಬಾರಿನವರಿಗೆ ಇದು ಮುಖ್ಯವಾಗಿತ್ತು. ಗರಿ ಬದಲಿಸಿದ ಹಕ್ಕಿಗೂ ಇನ್ನೂ ಬದಲಿಸದ ಹಕ್ಕಿಗೂ ಬೇರೆ ಬೇರೆ ಬೆಲೆ ಎಂದು ಅಕ್ಬರನ ಆಸ್ಥಾನ ಬರಹಗಾರ ಅಬುಲ್ ಫಜಲ್ ಆ ಕಾಲದ ಆಡಳಿತದ ವಿವರಗಳ ಗ್ರಂಥ 'ಐನ್-ಇ-ಅಕ್ಬರಿ'ಯಲ್ಲಿ ಲೆಕ್ಕವನ್ನೇ ಕೊಡುತ್ತಾನೆ. ಜಹಾಂಗೀರನ ಕಲಾವಿದ ಉಸ್ತಾದ್ ಮನ್ಸೂರನಂಥವನು ಈ ಎದೆಯ ಒಂದೊಂದು ಗರಿಯನ್ನೂ ಬಿಡಿಯಾಗಿ ಬರೆದ. ಗಿಡುಗಗಳನ್ನು ಬಲ್ಲ ಯಜಮಾನ ಎದುರಿಗಿದ್ದಾಗ ಅಂದಾಜಿನಲ್ಲಿ ಬರೆದರೆ ನಡೆಯುವುದಿಲ್ಲ, ಅಲ್ವಾ?

ಹೆಣ್ಣು ಹಕ್ಕಿಗೇ ಯಾಕೆ ಜಾಸ್ತಿ ಬೆಲೆ?

ಈ ಜಾತಿಗಳಲ್ಲಿ ಹೆಣ್ಣೇ ದೊಡ್ಡದು, ಗಂಡು ಸುಮಾರು ಮೂರನೇ ಒಂದು ಭಾಗ ಚಿಕ್ಕದು. ಬೇಟೆಯ ಭಾಷೆಯಲ್ಲಿ ಬಾಜ್ ಅಂದರೆ ಹೆಣ್ಣು, ಅದರ ಗಂಡು ಜುರ್ರಾ. ಬಾಶಾ ಹೆಣ್ಣು, ಬಾಶೀನ್ ಗಂಡು. ದೊಡ್ಡ ಬೇಟೆ ಹಿಡಿಯುವುದು ಹೆಣ್ಣೇ. ಬಾದಶಹನ ಗಟ್ಟಿ ಮಣಿಕಟ್ಟಿನ ಮೇಲೆ ದೊಡ್ಡ ಬಾಜ್ ಕೂತಿದ್ದರೆ ಅದು ಹೆಣ್ಣೆಂದೇ ತಿಳಿಯಿರಿ.

ಮೊಗಲರ ಭಾವಚಿತ್ರ ಪರಂಪರೆ ಶುರುವಾದದ್ದು ಹೇಗೆ?

ಹುಮಾಯೂನ್ ರಾಜ್ಯ ಕಳೆದುಕೊಂಡು ಇರಾನಿನ ಶಾ ತಹಮಾಸ್ಪನ ಆಶ್ರಯಕ್ಕೆ ಹೋದ. ಅಲ್ಲಿನ ಕಲಾವಿದರಾದ ಮೀರ್ ಸಯ್ಯದ್ ಅಲಿ ಮತ್ತು ಅಬ್ದುಸ್ ಸಮದ್ ಅವನಿಗೆ ಹಿಡಿಸಿದರು. ಇಬ್ಬರೂ ಕಾಬೂಲಿಗೆ, ಅಲ್ಲಿಂದ ಅವನ ಜೊತೆ ದೆಹಲಿಗೆ ಬಂದರು. 1556ರಲ್ಲಿ ಪಟ್ಟಕ್ಕೆ ಬಂದ ಅಕ್ಬರ್ ಈ ಸಣ್ಣ ಗುಂಪನ್ನು ದೊಡ್ಡ ಕಾರ್ಖಾನೆಯನ್ನಾಗಿ ಬೆಳೆಸಿದ. ಬಸಾವನ್, ದಸ್ವಂತ್, ಕೇಸು, ಲಾಲ್, ಮಿಸ್ಕೀನ್ ಹೀಗೆ ಊರೂರಿನ ಕಲಾವಿದರು ಅಲ್ಲಿ ಸೇರಿದರು. ಅಮೀರ್ ಹಂಜಾನ ಸಾಹಸಗಳ ಕಥೆಯಾದ ಹಂಜಾನಾಮಾಕ್ಕೆ ಬಟ್ಟೆಯ ಮೇಲೆ ಸುಮಾರು 1400 ಚಿತ್ರ ಬರೆದದ್ದು ಇದೇ ಕಾರ್ಖಾನೆ, ಅದಕ್ಕೆ ಸುಮಾರು 15 ವರ್ಷ ಹಿಡಿಯಿತು.

ಭಾವಚಿತ್ರಕ್ಕೆ ನಿಜವಾದ ತಿರುವು ಕೊಟ್ಟದ್ದು ಅಕ್ಬರನ ಒಂದು ಆಜ್ಞೆ. ತಾನೂ ಚಿತ್ರಕ್ಕೆ ಕೂತ, ರಾಜ್ಯದ ಎಲ್ಲ ಅಮೀರರ (ದೊಡ್ಡ ಸರದಾರರ) ಹೋಲಿಕೆಯನ್ನೂ ಬರೆಸಿದ. ಎಲ್ಲ ಸೇರಿ ಒಂದು ಭಾರಿ ಆಲ್ಬಂ ಆಯಿತು. ಸತ್ತವರಿಗೆ ಇದರಿಂದ ಹೊಸ ಜೀವ ಬಂತು, ಬದುಕಿರುವವರಿಗೆ ಸಾವಿಲ್ಲದಂತಾಯಿತು ಎಂಬ ಅರ್ಥದಲ್ಲಿ ಅಬುಲ್ ಫಜಲ್ ಬರೆಯುತ್ತಾನೆ. ಅಕ್ಬರನಿಗೆ ಇದರಿಂದ ಇನ್ನೊಂದು ಉಪಯೋಗವೂ ಇತ್ತು ಎಂದು ನನಗನ್ನಿಸುತ್ತದೆ. ಅಷ್ಟು ದೊಡ್ಡ ರಾಜ್ಯದಲ್ಲಿ ಯಾರು ಯಾರು ಇದ್ದಾರೆ ಎಂದು ಮುಖ ನೋಡಿ ತಿಳಿಯುವ ಒಂದು ದಾಖಲೆ ಅದು.

ಒಂದು ಚಿತ್ರವನ್ನು ಒಬ್ಬರೇ ಬರೆಯುತ್ತಿದ್ದರಾ?

ಅಕ್ಬರನ ಕಾಲದಲ್ಲಿ ಹೆಚ್ಚಾಗಿ ಇಲ್ಲ. ಒಬ್ಬ ಹಿರಿಯ ರೇಖೆ ಹಾಕಿ ವಿನ್ಯಾಸ ಮಾಡುತ್ತಿದ್ದ, ಅದು 'ತರ್ಹ್'. ಇನ್ನೊಬ್ಬ ಬಣ್ಣ ತುಂಬುತ್ತಿದ್ದ, ಅದು 'ಅಮಲ್'. ಮುಖ ಬರೆಯುವ ಕೆಲಸ ಮಾತ್ರ ಅದರಲ್ಲೇ ಪಳಗಿದವನಿಗೆ, ಅದು 'ಚಿಹ್ರಾನಾಮಿ'. ಗುಮಾಸ್ತರು ಚಿತ್ರದ ಅಂಚಿನಲ್ಲಿ ಈ ಹೆಸರುಗಳನ್ನು ಕೆಂಪು ಶಾಯಿಯಲ್ಲಿ ಬರೆದಿಡುತ್ತಿದ್ದರು. ಅದರಿಂದಲೇ ಇವತ್ತು ನಮಗೆ ಅಷ್ಟೊಂದು ಕಲಾವಿದರ ಹೆಸರು ಗೊತ್ತಿರುವುದು. ವಾರಕ್ಕೊಮ್ಮೆ ಕೆಲಸವೆಲ್ಲ ಬಾದಶಹನ ಮುಂದೆ ಬರುತ್ತಿತ್ತು, ಚೆನ್ನಾಗಿದ್ದರೆ ಇನಾಮು, ಸಂಬಳ ಏರಿಕೆ.

ಜಹಾಂಗೀರ್ ಬಂದ ಮೇಲೆ ಸಣ್ಣ ತಂಡ, ಒಬ್ಬನೇ ಪೂರ್ತಿ ಮಾಡುವ ಚಿತ್ರಗಳು ಜಾಸ್ತಿಯಾದವು. ಅವನ ಕಣ್ಣೂ ಅಷ್ಟು ಚುರುಕು. ಒಂದೇ ಚಿತ್ರದಲ್ಲಿ ಮುಖ ಒಬ್ಬ ಬರೆದು, ಕಣ್ಣು ಹುಬ್ಬು ಇನ್ನೊಬ್ಬ ಬರೆದಿದ್ದರೂ ಯಾವುದು ಯಾರದೆಂದು ಹೇಳಬಲ್ಲೆ ಎಂದು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅವನ ಈ ಹೆಮ್ಮೆಗೆ ಸಿಕ್ಕಿಬಿದ್ದವನು ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋ. 1616ರಲ್ಲಿ ರೋ ಒಂದು ಪುಟ್ಟ ಇಂಗ್ಲಿಷ್ ಚಿತ್ರ ತೋರಿಸಿದ. ಜಹಾಂಗೀರ್ ತನ್ನವರಿಂದ ಅದರ ನಕಲುಗಳನ್ನು ಬರೆಸಿ, ಎಲ್ಲವನ್ನೂ ರಾತ್ರಿ ಮೇಣದ ಬೆಳಕಿನಲ್ಲಿ ಜೊತೆಗಿಟ್ಟು ನಿಮ್ಮದು ಯಾವುದು ಹುಡುಕಿ ಎಂದ. ತನ್ನ ಚಿತ್ರ ಗುರುತಿಸುವುದು ರೋಗೆ ನಿಜಕ್ಕೂ ಕಷ್ಟವಾಯಿತು.

ಅಷ್ಟು ಸಣ್ಣ ಗರಿ, ಕೂದಲು ಹೇಗೆ ಬರೆಯುತ್ತಿದ್ದರು?

ಮೊದಲು ಕಾಗದ. ಹಲವು ಹಾಳೆಗಳನ್ನು ಅಂಟಿಸಿ ಗಟ್ಟಿ ಮಾಡಿದ್ದಕ್ಕೆ ವಸ್ಲಿ ಎನ್ನುತ್ತಾರೆ. ಹುಳ ಬರಬಾರದೆಂದು ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದರು. ಅದನ್ನು ನಯವಾದ ಅಗೇಟ್ ಕಲ್ಲಿನಿಂದ ಉಜ್ಜಿ ಉಜ್ಜಿ ಹೊಳಪು ಬರಿಸಿದ ಮೇಲೇ ಕೆಲಸ ಶುರು. ಕುಂಚಕ್ಕೆ ಅಳಿಲಿನ ಬಾಲದ ಕೂದಲು, ಅದನ್ನು ಹಿಡಿಯಲು ಪಾರಿವಾಳದ ಗರಿಯ ಕಡ್ಡಿ. ಕೊನೆಯ ಹಂತದ ಕುಂಚದ ತುದಿಯಲ್ಲಿ ಒಂದೇ ಕೂದಲು ಇರುತ್ತಿತ್ತು.

ಬಣ್ಣಕ್ಕೆ ಇಂಗಳೀಕ, ಹರಿತಾಳ, ಅರಗಿನ ಕೆಂಪು, ಬದಖ್‌ಶಾನಿನಿಂದ ಬರುತ್ತಿದ್ದ ನೀಲಿ ಲಾಜವರ್ದ ಕಲ್ಲು, ಅರೆದ ಚಿನ್ನದ ರೇಕು. ಕಟ್ಟಲು ಗೋಂದು. ಒಂದು ಪದರ ಬಣ್ಣ ಒಣಗಿದ ಮೇಲೆ ಚಿತ್ರವನ್ನು ಬೋರಲು ಹಾಕಿ ಹಿಂದಿನಿಂದ ಉಜ್ಜುತ್ತಿದ್ದರು, ಮತ್ತೆ ಇನ್ನೊಂದು ಪದರ. ಗಿಡುಗದ ಬೆನ್ನಿನ ಆ ಮಿನುಗು ಹೀಗೆ ಪದರ ಪದರವಾಗಿ ಬಂದದ್ದು.

ವ್ಯಕ್ತಿಯನ್ನು ಎದುರಿಗೆ ಕೂರಿಸಿಕೊಂಡೇ ಬರೆಯುತ್ತಿದ್ದರಾ?

ಕೆಲವು ಸಲ. ದರಬಾರಿನಲ್ಲಿ ನಿಂತು ಬೇಗ ಬೇಗ ರೇಖೆ ಎಳೆದುಕೊಂಡು, ಆಮೇಲೆ ಕಾರ್ಖಾನೆಯಲ್ಲಿ ಮುಗಿಸುವುದೂ ಇತ್ತು. ಒಮ್ಮೆ ಹೋಲಿಕೆ ಸಿಕ್ಕಿತೆಂದರೆ ಅದನ್ನು ತೆಳು ಚರ್ಮದ ಮೇಲೆ ನಕಲು ತೆಗೆದು, ರೇಖೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಇದ್ದಿಲ ಪುಡಿ ಉದುರಿಸಿ ಹೊಸ ಹಾಳೆಗೆ ಇಳಿಸುತ್ತಿದ್ದರು. ಈ ಚರ್ಬಾಗಳು ಕಲಾವಿದರ ಮನೆಗಳಲ್ಲಿ ತಲೆಮಾರುಗಟ್ಟಲೆ ಉಳಿದವು. ಒಬ್ಬನೇ ಅಮೀರ ಐದಾರು ಚಿತ್ರಗಳಲ್ಲಿ ಅದೇ ಮೂಗು, ಅದೇ ಗದ್ದದಲ್ಲಿ ಕಂಡರೆ ಕಾರಣ ಇದೇ.

ಎಲ್ಲರೂ ಪಕ್ಕದಿಂದಲೇ ಯಾಕೆ ಕಾಣುತ್ತಾರೆ?

ಅಕ್ಬರನ ಕಾಲದಲ್ಲಿ ಮುಕ್ಕಾಲು ಮುಖ ಕಾಣುವಂತೆ ಬರೆದದ್ದು ಬೇಕಾದಷ್ಟಿದೆ. ಜಹಾಂಗೀರನ ಕಾಲದಿಂದ ಪಕ್ಕದ ನೋಟ ಗಟ್ಟಿಯಾಯಿತು, ಷಹಜಹಾನನ ಕಾಲಕ್ಕೆ ಅದೇ ನಿಯಮ. ಹಣೆ, ಮೂಗು, ತುಟಿ, ಗದ್ದದ ಗೆರೆ ಒಂದೇ ಎಳೆಯಲ್ಲಿ ಸಿಗುವುದರಿಂದ ಗುರುತು ಹಿಡಿಯುವುದು ಸುಲಭ. ಬಾದಶಹ ಯಾರ ಕಡೆಗೂ ನೋಡದೆ ಗಂಭೀರವಾಗಿ ನಿಲ್ಲುವುದಕ್ಕೂ ಇದು ಅನುಕೂಲ. ತಲೆ ಸುತ್ತಲಿನ ಪ್ರಭೆ ಯುರೋಪಿನ ಅಚ್ಚು ಚಿತ್ರಗಳಿಂದ ಬಂದದ್ದು. 1580ರಿಂದ ಜೆಸುಯಿಟ್ ಪಾದ್ರಿಗಳು ದರಬಾರಿಗೆ ಅಂಥ ಚಿತ್ರಗಳನ್ನು ತರುತ್ತಿದ್ದರು.

ಗಿಡುಗಗಳನ್ನೂ ಹೀಗೆ ಪಕ್ಕದಿಂದಲೇ ಬರೆದಿದ್ದಾರೆ ನೋಡಿ. ಖಾಲಿ ಹಿನ್ನೆಲೆ, ಕಟ್ಟಿಗೆಯ ಅಡ್ಡೆ, ಅದರ ಮೇಲೆ ನೆಟ್ಟಗೆ ಕೂತ ಹಕ್ಕಿ, ಒಂದೇ ಕಣ್ಣು. ಅಮೀರನ ಭಾವಚಿತ್ರಕ್ಕೂ ಗಿಡುಗದ ಭಾವಚಿತ್ರಕ್ಕೂ ಕಟ್ಟುಪಾಡು ಒಂದೇ.

ಇರಾನಿನಿಂದ ಬಂದ ಡೇಗೆಯನ್ನು ಬೆಕ್ಕು ಕಚ್ಚಿದ ಕಥೆ ನಿಜವಾ?

ನಿಜ, ಜಹಾಂಗೀರನೇ ಬರೆದಿದ್ದಾನೆ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಏಕೆಂದರೆ ಈ ವಿಷಯದ ಎಲ್ಲ ಎಳೆಗಳೂ ಇಲ್ಲಿ ಕೂಡುತ್ತವೆ.

1613ರಲ್ಲಿ ಜಹಾಂಗೀರ್ ಖಾನ್ ಆಲಂ ಎಂಬ ಅಮೀರನನ್ನು ಇರಾನಿನ ಶಾ ಅಬ್ಬಾಸನ ಬಳಿಗೆ ರಾಯಭಾರಿಯಾಗಿ ಕಳಿಸಿದ. ಜೊತೆಗೆ ಕಲಾವಿದ ಬಿಶನ್‌ದಾಸನನ್ನೂ ಕಳಿಸಿದ. ಕೆಲಸ ಒಂದೇ: ಶಾನ ಮುಖವನ್ನು ಇದ್ದ ಹಾಗೆ ಬರೆದು ತರುವುದು. ಜಹಾಂಗೀರ್ ಶಾ ಅಬ್ಬಾಸನನ್ನು ಯಾವತ್ತೂ ಕಂಡವನಲ್ಲ, 'ನನ್ನ ಸಹೋದರ' ಎಂದು ಕರೆಯುತ್ತಿದ್ದ ಅಷ್ಟೇ. ಹೋಲಿಕೆ ಹಿಡಿಯುವುದರಲ್ಲಿ ಬಿಶನ್‌ದಾಸನಿಗೆ ಸಾಟಿಯಿಲ್ಲ ಎಂದು ಬಾದಶಹನ ನಂಬಿಕೆ. ರಾಯಭಾರ ಹಿಂದಿರುಗಿದಾಗ ಚಿತ್ರ ನೋಡಿ ಖುಷಿಯಾಗಿ ಬಿಶನ್‌ದಾಸನಿಗೆ ಒಂದು ಆನೆಯನ್ನೇ ಇನಾಮು ಕೊಟ್ಟ.

ಇತ್ತ ಇಲ್ಲಿಂದ ಕಲಾವಿದ ಹೋಗಿದ್ದರೆ ಅತ್ತ ಅಲ್ಲಿಂದ ಹಕ್ಕಿ ಹೊರಟಿತ್ತು. ಶಾ ಅಬ್ಬಾಸ್ ತನ್ನ ಮೀರ್ ಶಿಕಾರ್ (ಬೇಟೆ ಹಕ್ಕಿಗಳನ್ನು ನೋಡಿಕೊಳ್ಳುವವನು) ಕೈಯಲ್ಲಿ ಒಂದು ಒಳ್ಳೆಯ ಬಣ್ಣದ ಶುಂಕಾರ್ ಡೇಗೆಯನ್ನು ಕಳಿಸಿದ. ಶುಂಕಾರ್ ಅಂದರೆ ಉತ್ತರದ ಹಿಮದ ನಾಡಿನ ಹಕ್ಕಿ, ಡೇಗೆಗಳಲ್ಲೇ ದೊಡ್ಡದು, ಭಾರತದಲ್ಲಿ ಸಿಗುವುದಿಲ್ಲ. ಖಾನ್ ಆಲಂನಿಗೂ ಒಂದು ಕೊಟ್ಟಿದ್ದ, ಅದು ದಾರಿಯಲ್ಲೇ ಸತ್ತಿತು. ಬಾದಶಹನಿಗೆಂದು ಕಳಿಸಿದ ಹಕ್ಕಿಯ ಮೇಲೆ ನೋಡಿಕೊಳ್ಳುವವನ ಅಜಾಗರೂಕತೆಯಿಂದ ಬೆಕ್ಕು ಎರಗಿತು. ಗಾಯಗೊಂಡೇ 1619ರಲ್ಲಿ ದರಬಾರಿಗೆ ಬಂತು, ಒಂದು ವಾರಕ್ಕಿಂತ ಜಾಸ್ತಿ ಬದುಕಲಿಲ್ಲ.

ಸಾಯುತ್ತಿದ್ದ ಹಕ್ಕಿಯನ್ನು ಜಹಾಂಗೀರ್ ನೋಡಿದ ರೀತಿ ಗಮನಿಸಿ. ಅದರ ರೆಕ್ಕೆ, ಬೆನ್ನು, ಪಕ್ಕೆಗಳ ಮೇಲಿದ್ದ ಕಪ್ಪು ಗುರುತುಗಳ ಚೆಲುವನ್ನು ಏನೆಂದು ಬರೆಯಲಿ ಎನ್ನುತ್ತಾನೆ. ಕೂಡಲೇ 'ನಾದಿರ್-ಉಲ್-ಅಸ್ರ್' (ಯುಗದ ಅದ್ಭುತ) ಬಿರುದಿನ ಉಸ್ತಾದ್ ಮನ್ಸೂರನನ್ನು ಕರೆಸಿ ಇದರ ಹೋಲಿಕೆ ಬರೆದು ಉಳಿಸು ಎಂದು ಆಜ್ಞೆ ಮಾಡುತ್ತಾನೆ. ಇದರ ಹಿಂದಿನ ವರ್ಷ, 1618ರಲ್ಲಿ, ಅಫೀಮಿಗೆ ದಾಸನಾಗಿ ಮೂಳೆ ಚಕ್ಕಳವಾಗಿದ್ದ ತನ್ನ ಅಧಿಕಾರಿ ಇನಾಯತ್ ಖಾನ್ ಸಾಯುವ ಮುಂಚೆ ಬಂದು ನಿಂತಾಗಲೂ ಅವನು ಕಲಾವಿದರನ್ನು ಕರೆದು ಬರೆಸಿದ್ದ. ಆ ರೇಖಾಚಿತ್ರ ಬಾಸ್ಟನ್‌ನಲ್ಲಿದೆ, ಬಣ್ಣದ್ದು ಆಕ್ಸ್‌ಫರ್ಡ್‌ನಲ್ಲಿ. ದಿಂಬಿಗೆ ಒರಗಿದ ಆ ಮನುಷ್ಯನ ಪಕ್ಕೆಲುಬುಗಳನ್ನು ಎಣಿಸಬಹುದು. ಮನುಷ್ಯನಾಗಲಿ ಡೇಗೆಯಾಗಲಿ, ಕೈ ತಪ್ಪಿ ಹೋಗುತ್ತಿದೆ ಎಂದಾಗ ಈ ಬಾದಶಹನಿಗೆ ನೆನಪಾಗುತ್ತಿದ್ದದ್ದು ಕುಂಚ.

ಈ ರಾಯಭಾರದ ಇನ್ನೊಂದು ಚಿತ್ರ ವಾಷಿಂಗ್ಟನ್‌ನ ಫ್ರೀಯರ್ ಗ್ಯಾಲರಿಯಲ್ಲಿದೆ, ಸುಮಾರು 1620ರದು. ಜಹಾಂಗೀರ್ ಮತ್ತು ಶಾ ಅಬ್ಬಾಸ್ ಒಂದೇ ಆಸನದ ಮೇಲೆ ಕೂತಿದ್ದಾರೆ. ಎದುರಿಗೆ ಇಟಲಿಯ ಮೇಜು, ಚೀನಾದ ಬಟ್ಟಲು. ಪಕ್ಕದಲ್ಲಿ ಖಾನ್ ಆಲಂ ನಿಂತಿದ್ದಾನೆ, ಅವನ ಕೈಗವಸಿನ ಮೇಲೆ ಒಂದು ಡೇಗೆ! ಈ ಭೇಟಿ ನಡೆದೇ ಇಲ್ಲ. ಆದರೆ ಶಾನ ಮುಖ ನಿಜ, ಖಾನ್ ಆಲಂನ ಮುಖ ನಿಜ, ಕೈ ಮೇಲಿನ ಹಕ್ಕಿಯ ಹಿಂದಿನ ಕಥೆಯೂ ನಿಜ. ಚಿತ್ರದಲ್ಲಿ ಇಷ್ಟು ಸ್ನೇಹವಿದ್ದರೂ 1622ರಲ್ಲಿ ಅದೇ ಶಾ ಅಬ್ಬಾಸ್ ಕಂದಹಾರವನ್ನು ಮೊಗಲರಿಂದ ಕಿತ್ತುಕೊಂಡ.

ಗಿಡುಗ ಬೇಟೆ ಬರೀ ಮೋಜಿಗಾ?

ಅಲ್ಲ. ಮೇಲುನೋಟಕ್ಕೆ ನೋಡುವವರು ಬೇಟೆಯೇ ಗುರಿ ಎಂದುಕೊಳ್ಳುತ್ತಾರೆ ಎಂದು ಅಬುಲ್ ಫಜಲನೇ ಹೇಳುತ್ತಾನೆ. ಅಕ್ಬರ್ ಬೇಟೆ ಎಂದು ಹೊರಟು, ಮುಂಚೆ ಸುದ್ದಿ ಕೊಡದೆ ಹಳ್ಳಿಗಳಿಗೆ ಹೋಗಿ ಜನರ ಸ್ಥಿತಿ, ಕಂದಾಯ, ಅಧಿಕಾರಿಗಳ ನಡತೆ ನೋಡುತ್ತಿದ್ದನಂತೆ. ಇದರಲ್ಲಿ ಆಸ್ಥಾನ ಬರಹಗಾರನ ಹೊಗಳಿಕೆ ಸ್ವಲ್ಪ ಸೇರಿದೆ ಎಂದಿಟ್ಟುಕೊಂಡರೂ, ಸಾವಿರಾರು ಕುದುರೆ ಆನೆಗಳ ಜೊತೆ ಬಾದಶಹ ಒಂದು ಸೀಮೆಯಲ್ಲಿ ಬೇಟೆಗೆ ಬಂದಿದ್ದಾನೆ ಅಂದರೆ ಅಲ್ಲಿನ ಜಮೀನ್ದಾರರಿಗೆ ಅದರ ಅರ್ಥ ಚೆನ್ನಾಗಿ ಗೊತ್ತಾಗುತ್ತಿತ್ತು. ಹಕ್ಕಿಗಳು ರಾಜಕೀಯದ ಉಡುಗೊರೆಗಳೂ ಆಗಿದ್ದವು. ಚಿತ್ರದಲ್ಲಿ ಗಿಡುಗ ಹಿಡಿದು ನಿಂತ ರಾಜಕುಮಾರ ತನ್ನ ಮನೆತನವನ್ನೂ ಹಿಡಿತವನ್ನೂ ತೋರಿಸುತ್ತಿದ್ದಾನೆ.

ಹಕ್ಕಿಯನ್ನು ಹೇಗೆ ಪಳಗಿಸುತ್ತಿದ್ದರು?

ಹೆಚ್ಚಿನವು ಚಳಿಗಾಲಕ್ಕೆ ವಲಸೆ ಬರುವಾಗ ಬಲೆಗೆ ಬಿದ್ದವು, ಬಾಜ್‌ಗಳು ಕಾಶ್ಮೀರದಂಥ ಬೆಟ್ಟದ ಸೀಮೆಗಳಿಂದ ಬರುತ್ತಿದ್ದವು. ಮೊದಲು ಕಣ್ಣು ಮುಚ್ಚಿಡುವುದು. ಅದಕ್ಕೆ ಚರ್ಮದ ಕುಲಾವಿ ಇತ್ತು, ಹೊಸ ಹಕ್ಕಿಗಳ ರೆಪ್ಪೆಗಳನ್ನು ದಾರದಿಂದ ಹೊಲಿಯುವ ಕ್ರೂರ ಪದ್ಧತಿಯೂ ಇತ್ತು. ಆಮೇಲೆ ಹಗಲೂ ರಾತ್ರಿ ಕೈ ಮೇಲೆ ಹೊತ್ತು ತಿರುಗಬೇಕು, ಜನರ ಗದ್ದಲ, ನಾಯಿ, ಕುದುರೆ ಎಲ್ಲ ಅಭ್ಯಾಸವಾಗಬೇಕು. ಊಟ ಕೈಯಿಂದಲೇ. ಒಂದು ಮೊಳದಿಂದ ಶುರುಮಾಡಿ ಉದ್ದ ದಾರ ಕಟ್ಟಿ ದೂರ ದೂರದಿಂದ ಕರೆಯುತ್ತಾರೆ, ನಂಬಿಕೆ ಬಂದ ಮೇಲೆ ದಾರ ಬಿಚ್ಚುತ್ತಾರೆ.

ಎಲ್ಲ ನಿಂತಿರುವುದು ಹಸಿವಿನ ಲೆಕ್ಕದ ಮೇಲೆ. ಹೊಟ್ಟೆ ತುಂಬಿದ ಹಕ್ಕಿ ಹಿಂದಿರುಗುವುದಿಲ್ಲ, ತೀರಾ ಹಸಿದ ಹಕ್ಕಿಗೆ ಹಾರಲು ಬಲವಿರುವುದಿಲ್ಲ. ಐನ್-ಇ-ಅಕ್ಬರಿಯಲ್ಲಿ ಇದರ ಪಡಿ ಬರೆದಿಟ್ಟಿದೆ: ಬಾಜ್‌ಗೆ 7 ದಾಮ್ ತೂಕದ ಮಾಂಸ, ಬಾಶಾಗೆ 3 ದಾಮ್. ದಾಮ್ ಅಂದರೆ ಸುಮಾರು 21 ಗ್ರಾಂ ತೂಗುವ ತಾಮ್ರದ ನಾಣ್ಯ, ಹಾಗಾಗಿ ಬಾಜ್‌ಗೆ ಹತ್ತಿರ ಹತ್ತಿರ 150 ಗ್ರಾಂ. ಬೇರೆ ಕಡೆ ದಿನಕ್ಕೊಮ್ಮೆ ಊಟ, ದರಬಾರಿನಲ್ಲಿ ಎರಡು ಸಲ, ಸಂಜೆಗೆ ಗುಬ್ಬಚ್ಚಿಗಳು. ಈ ಕೆಲಸಗಾರರಿಗೆ ಮೀರ್ ಶಿಕಾರ್ ಎನ್ನುತ್ತಿದ್ದರು, ಎಲ್ಲರ ಮೇಲೆ ಕುಶ್ ಬೇಗಿ. ದರಬಾರಿನ ಚಿತ್ರಗಳಲ್ಲಿ ಮೂಲೆಯಲ್ಲಿ ಹಕ್ಕಿ ಹೊತ್ತು ನಿಂತವರು ಇವರೇ. ಅವರ ಹೆಸರು ಸಿಗುವುದು ಅಪರೂಪ, ಅದು ನನಗೆ ಬೇಸರದ ಸಂಗತಿ.

ಚಿತ್ರದಲ್ಲಿ ಕಾಣುವ ಸಲಕರಣೆಗಳು ಯಾವುವು?

ಕೈಯಲ್ಲಿ ಚರ್ಮದ ದಸ್ತಾನಾ (ಕೈಗವಸು), ಮೊಗಲ್ ಚಿತ್ರಗಳಲ್ಲಿ ಸಾಮಾನ್ಯವಾಗಿ ಬಲಗೈಗೆ. ಯುರೋಪಿನವರು ಎಡಗೈ ಬಳಸುತ್ತಾರೆ. ಹಕ್ಕಿಯ ಕಾಲಿಗೆ ಚರ್ಮದ ಪಟ್ಟಿ ಮತ್ತು ಪುಟ್ಟ ಗೆಜ್ಜೆ. ಬಾಜ್‌ನ ಕತ್ತಿನಿಂದ ಎದೆ ಮೇಲೆ ಇಳಿಬಿದ್ದ ಒಂದು ದಾರ ಕಂಡರೆ ಅದು ಹಾರ ಅಲ್ಲ. ಹಕ್ಕಿಯನ್ನು ಕೈಯಿಂದ ಎಸೆದು ಬಿಡುವಾಗ ಅದು ನೆಟ್ಟಗೆ ಚಿಮ್ಮಲಿ ಎಂದು ಆ ದಾರವನ್ನು ಹಿಡಿದುಕೊಳ್ಳುತ್ತಿದ್ದರು. ಕುದುರೆ ಮೇಲಿನ ಬೇಟೆಗಾರನ ಜೀನಿನ ಪಕ್ಕ ಒಂದು ಪುಟ್ಟ ನಗಾರಿ ಇದ್ದರೆ ಅದು ತಬಲ್-ಬಾಜ್. ಕೆರೆಯ ಹಕ್ಕಿಗಳನ್ನು ಎಬ್ಬಿಸಲು ಬಾರಿಸುವುದು.

ಜಹಾಂಗೀರ್ ಪ್ರಾಣಿಪ್ರೇಮಿಯಾ, ಬೇಟೆಗಾರನಾ?

ಎರಡೂ. 12ನೇ ವಯಸ್ಸಿನಿಂದ ಸುಮಾರು 50ರವರೆಗೆ ತನ್ನ ಎದುರಿಗೆ 28,532 ಪ್ರಾಣಿ ಪಕ್ಷಿಗಳ ಬೇಟೆಯಾಗಿದೆ, ಅದರಲ್ಲಿ 17,167 ತನ್ನ ಕೈಯಿಂದಲೇ ಎಂದು ಲೆಕ್ಕ ಬರೆಸಿದವನು ಅವನು. ಅದರಲ್ಲಿ 13,964 ಪಕ್ಷಿಗಳು. ಅದೇ ಮನುಷ್ಯ ಮೊಮ್ಮಗ ಶುಜಾ ಕಾಯಿಲೆ ಬಿದ್ದಾಗ ನನ್ನ ಕೈಯಿಂದ ಯಾವ ಜೀವಕ್ಕೂ ನೋವು ಮಾಡುವುದಿಲ್ಲ ಎಂದು ಹರಕೆ ಹೊತ್ತ. ಕೆಲವು ವರ್ಷ ಪಾಲಿಸಿ, ಆಮೇಲೆ ಮತ್ತೆ ಬೇಟೆಗೆ ಇಳಿದ. 1621ರಲ್ಲಿ ಜೀಬ್ರಾ ಬಂದಾಗ ಪಟ್ಟೆ ಯಾರೋ ಬಳಿದದ್ದಲ್ಲ ತಾನೇ ಎಂದು ಪರೀಕ್ಷೆ ಮಾಡಿಸಿದ, ಆಮೇಲೆ ಮನ್ಸೂರನಿಂದ ಬರೆಸಿದ. ಕೊಲ್ಲುವ ಕಣ್ಣು ಬೇರೆ, ನೋಡುವ ಕಣ್ಣು ಬೇರೆ ಎಂದು ನಾವು ಇವತ್ತು ಬೇರ್ಪಡಿಸುತ್ತೇವೆ. ಅವನಲ್ಲಿ ಎರಡೂ ಒಟ್ಟಿಗೇ ಇದ್ದವು, ಅದನ್ನು ಹಾಗೇ ಒಪ್ಪಿಕೊಂಡು ಚಿತ್ರ ನೋಡಬೇಕು.

ಚಿತ್ರದಲ್ಲಿರುವುದನ್ನೆಲ್ಲ ನಂಬಬಹುದಾ?

ಮುಖ ನಂಬಿ, ಘಟನೆ ಹುಷಾರಾಗಿ ನೋಡಿ. ಅಬುಲ್ ಹಸನ್ ಬರೆದ ಒಂದು ಚಿತ್ರದಲ್ಲಿ ಜಹಾಂಗೀರ್ ಭೂಗೋಳದ ಮೇಲೆ ನಿಂತು ಅಹ್ಮದ್‌ನಗರದ ಸೇನಾನಿ ಮಲಿಕ್ ಅಂಬರನ ರುಂಡಕ್ಕೆ ಬಾಣ ಬಿಡುತ್ತಿದ್ದಾನೆ. ವಾಸ್ತವದಲ್ಲಿ ಮಲಿಕ್ ಅಂಬರ್ ಅವನ ಕೈಗೆ ಸಿಗಲೇ ಇಲ್ಲ, ಕೊನೆಯವರೆಗೂ ದಖ್ಖನ್ನಿನಲ್ಲಿ ಮೊಗಲರನ್ನು ಕಾಡಿಸಿ 1626ರಲ್ಲಿ ಸಹಜವಾಗಿ ತೀರಿಕೊಂಡ.

ಹೆಂಗಸರ ಭಾವಚಿತ್ರ ಇಲ್ವಾ? ಅವರೂ ಗಿಡುಗ ಹಾರಿಸುತ್ತಿದ್ದರಾ?

ಜನಾನಾದ ಹೆಂಗಸರನ್ನು ಗಂಡು ಕಲಾವಿದರು ನೋಡುವಂತಿರಲಿಲ್ಲ, ಹಾಗಾಗಿ ಹೆಚ್ಚಿನ ಮುಖಗಳು ಕಲ್ಪನೆಯವು. ನೂರ್ ಜಹಾನ್ ಕೋವಿ ಹಿಡಿದು ನಿಂತಿರುವ ಅಬುಲ್ ಹಸನನ ಚಿತ್ರ ಇದಕ್ಕೆ ದೊಡ್ಡ ಅಪವಾದ, ರಾಂಪುರದ ರಜಾ ಗ್ರಂಥಾಲಯದಲ್ಲಿದೆ. ಸಹೀಫಾ ಬಾನು, ನಾದಿರಾ ಬಾನು ಎಂಬ ಕಲಾವಿದೆಯರೂ ಇದ್ದರು.

ಗಿಡುಗ ಹಿಡಿದ ಹೆಂಗಸು ಎಂದರೆ ನೆನಪಾಗುವುದು ನಮ್ಮ ವಿಜಯಪುರದ ಚಾಂದ್ ಬೀಬಿ. ಒಂದನೇ ಅಲಿ ಆದಿಲ್ ಶಾನ ಹೆಂಡತಿ, ಅವನ ನಂತರ ಬಿಜಾಪುರದ ಆಡಳಿತ ನೋಡಿಕೊಂಡವಳು, ಆಮೇಲೆ ಅಹ್ಮದ್‌ನಗರದಲ್ಲಿ ಅಕ್ಬರನ ಸೈನ್ಯವನ್ನು ಎದುರಿಸಿದವಳು. ಅವಳು ತೀರಿಕೊಂಡು ನೂರು ವರ್ಷವಾದ ಮೇಲೂ ದಖ್ಖನ್ನಿನ ಕಲಾವಿದರು ಅವಳನ್ನು ಕುದುರೆ ಮೇಲೆ, ಕೈಯಲ್ಲಿ ಡೇಗೆ ಹಿಡಿದು ಬೇಟೆಗೆ ಹೊರಟಂತೆ ಬರೆಯುತ್ತಲೇ ಇದ್ದರು. ಅಂಥದೊಂದು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿದೆ.

ಕರ್ನಾಟಕದಲ್ಲಿ ಗಿಡುಗ ಬೇಟೆ ಮೊಗಲರಿಂದ ಬಂದದ್ದಾ?

ಖಂಡಿತ ಅಲ್ಲ, ಅವರಿಗಿಂತ ನಾಲ್ಕು ಶತಮಾನ ಮೊದಲೇ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ರಾಜರ ವಿನೋದಗಳ ನಡುವೆ ಶ್ಯೇನವಿನೋದಕ್ಕೆ, ಅಂದರೆ ಗಿಡುಗ ಬೇಟೆಗೆ, ಬೇರೆಯೇ ಭಾಗವಿದೆ. ಅದೇ ಗ್ರಂಥದಲ್ಲಿ ಚಿತ್ರ ಬರೆಯುವ ವಿಧಾನವೂ ಇದೆ.

ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಶಾ ಕುದುರೆ ಮೇಲೆ ಗಿಡುಗ ಹಿಡಿದು ಸಾಗುತ್ತಿರುವ ಪ್ರಸಿದ್ಧ ಚಿತ್ರವೊಂದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. ಅಕ್ಬರನ ಬಳಿ ಇದ್ದ ಫರ್ರುಖ್ ಬೇಗ್ ಕೆಲಕಾಲ ಬಿಜಾಪುರದಲ್ಲಿ ಕೆಲಸ ಮಾಡಿ ಮತ್ತೆ ಜಹಾಂಗೀರನ ಬಳಿಗೆ ಮರಳಿದ. ಮೊಗಲ್ ಚಿತ್ರಗಳಲ್ಲಿ ಹಕ್ಕಿಯ ಗರಿ ಎಣಿಸುವ ಹಟವಿದ್ದರೆ, ಬಿಜಾಪುರದ ಚಿತ್ರದಲ್ಲಿ ಬಣ್ಣಗಳ ಕನಸು ಇದೆ. ನನಗೆ ಎರಡೂ ಬೇಕು, ಆದರೆ ಬಿಜಾಪುರದ್ದನ್ನು ನಮ್ಮ ಶಾಲೆಗಳಲ್ಲಿ ತೋರಿಸದೇ ಇರುವುದು ಸರಿಯಲ್ಲ.

ಈ ಚಿತ್ರಗಳು ವಿದೇಶಕ್ಕೆ ಹೋದದ್ದು ಹೇಗೆ? ನಾವು ಎಲ್ಲಿ ನೋಡಬಹುದು?

1739ರಲ್ಲಿ ನಾದಿರ್ ಶಾ ದೆಹಲಿ ಲೂಟಿ ಮಾಡಿದಾಗ ಎಷ್ಟೋ ಆಲ್ಬಂಗಳು ಇರಾನಿಗೆ ಹೋದವು. ಜಹಾಂಗೀರನ ಗುಲ್ಶನ್ ಆಲ್ಬಂನ ದೊಡ್ಡ ಪಾಲು ಈಗಲೂ ತೆಹರಾನಿನ ಗುಲಿಸ್ತಾನ್ ಅರಮನೆಯಲ್ಲಿದೆ. ಆಮೇಲೆ ಬ್ರಿಟಿಷರ ಕಾಲದಲ್ಲಿ ಉಳಿದವು ಲಂಡನ್, ಡಬ್ಲಿನ್, ವಿಂಡ್ಸರ್ ಸೇರಿದವು.

ಭಾರತದಲ್ಲಿ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ, ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯ, ವಾರಾಣಸಿಯ ಭಾರತ ಕಲಾ ಭವನ, ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂ ಮುಖ್ಯ. ಕರ್ನಾಟಕದವರಿಗೆ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ ಹತ್ತಿರ. ಕಾಗದದ ಮೇಲಿನ ಚಿತ್ರಗಳಿಗೆ ಬೆಳಕು ಆಗುವುದಿಲ್ಲ, ಅದಕ್ಕೇ ಕೆಲವೊಮ್ಮೆ ಒಳಗಿಟ್ಟಿರುತ್ತಾರೆ. ಹೋಗುವ ಮೊದಲು ಪ್ರದರ್ಶನದಲ್ಲಿ ಇದೆಯೇ ಎಂದು ಕೇಳಿಕೊಳ್ಳಿ. ಮನೆಯಲ್ಲೇ ನೋಡುವುದಾದರೆ ಮೆಟ್ರೋಪಾಲಿಟನ್ ಮತ್ತು ಫ್ರೀಯರ್ ಸಂಗ್ರಹಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ, ಚೆನ್ನಾಗಿ ದೊಡ್ಡದು ಮಾಡಿ ನೋಡಬಹುದು.

ಪೇಟೆಯಲ್ಲಿ 'ಹಳೇ ಮೊಗಲ್ ಚಿತ್ರ' ಎಂದು ಮಾರುತ್ತಾರಲ್ಲ, ಕೊಳ್ಳಬಹುದಾ?

ಇಂದಿನ ಕಲಾವಿದರ ಕೆಲಸ ಎಂದು ತಿಳಿದು ಕೊಳ್ಳಿ, ಅದಕ್ಕೆ ತಕ್ಕ ಬೆಲೆ ಕೊಡಿ. ಹಳೇ ಕಾಗದದ ಮೇಲೆ ಹೊಸದಾಗಿ ಬರೆದವು ಬೇಕಾದಷ್ಟಿವೆ. ನೂರು ವರ್ಷ ದಾಟಿದ ನಿಜವಾದ ಚಿತ್ರವಾದರೆ 1972ರ ಪುರಾವಸ್ತು ಕಾಯ್ದೆ ಅನ್ವಯವಾಗುತ್ತದೆ, ದೇಶದಾಚೆಗೆ ಒಯ್ಯುವಂತಿಲ್ಲ.

ಈಗ ಭಾರತದಲ್ಲಿ ಗಿಡುಗ ಸಾಕಿ ಪಳಗಿಸಬಹುದಾ?

ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇವುಗಳನ್ನು ಹಿಡಿಯುವುದು, ಇಟ್ಟುಕೊಳ್ಳುವುದು, ಮಾರುವುದು ಅಪರಾಧ. ಗುಜರಾತಿನ ಭಾವನಗರ ಸಂಸ್ಥಾನದಲ್ಲಿ ಈ ಕಲೆ 20ನೇ ಶತಮಾನದವರೆಗೂ ಉಳಿದಿತ್ತು. ಯುನೆಸ್ಕೋ ಪಾರಂಪರಿಕ ಕಲೆಗಳ ಪಟ್ಟಿಯಲ್ಲಿ ಗಿಡುಗ ಪಳಗಿಸುವ ಕಲೆಗೆ 2021ರ ಹೊತ್ತಿಗೆ 24 ದೇಶಗಳ ಹೆಸರಿತ್ತು, ಪಾಕಿಸ್ತಾನ ಅದರಲ್ಲಿದೆ, ಭಾರತ ಇಲ್ಲ. ನನ್ನ ಮಟ್ಟಿಗೆ ಕಾಯ್ದೆ ಸರಿಯಾಗಿಯೇ ಇದೆ. ಚರಗ್ ಡೇಗೆ ಇವತ್ತು ಜಗತ್ತಿನಲ್ಲೇ ಅಪಾಯದ ಅಂಚಿನಲ್ಲಿದೆ. ಶಿಕ್ರಾ ನೋಡಬೇಕು ಅಂದರೆ ಬೆಂಗಳೂರು, ಮೈಸೂರಿನ ಉದ್ಯಾನಗಳಲ್ಲೇ ಸಿಗುತ್ತದೆ. ದುರ್ಬೀನು ಹಿಡಿದು ಮೊದಲು ಎದೆ ನೋಡಿ, ಉದ್ದ ಗೆರೆಯೋ ಅಡ್ಡ ಗೆರೆಯೋ. ಆಮೇಲೆ ಕಣ್ಣಿನ ಬಣ್ಣ.